ಲೆಸ್ಟರ್‌ನಿಂದ ಮೂವರು

ಫ್ಯಾಂಟಸಿ ಪ್ರೀಮಿಯರ್ ಲೀಗ್ ಆಡುವವರಿಗೆ ಆಗಸ್ಟ್ ಮೊದಲ ವಾರ ಅಂದ್ರೆ ಪರೀಕ್ಷೆಯ ಹಿಂದಿನ ರಾತ್ರಿ ಇದ್ದ ಹಾಗೆ. ಓದಿಕೊಂಡಿರೋದೆಲ್ಲ ಹೋದ ವರ್ಷದ್ದು, ಬರೋ ಪ್ರಶ್ನೆಪತ್ರಿಕೆ ಈ ವರ್ಷದ್ದು.

ಆಡದೇ ಇರುವವರಿಗೆ ಆಟ ಏನು ಅಂತ ಮೊದಲು ಹೇಳಿಬಿಡ್ತೀನಿ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿರುವ 20 ಕ್ಲಬ್ಬುಗಳ ಪ್ರತಿಯೊಬ್ಬ ಆಟಗಾರನಿಗೂ ಒಂದು ಬೆಲೆ ಕಟ್ಟಿರುತ್ತಾರೆ. ನಮ್ಮ ಕೈಯಲ್ಲಿ 100 ಮಿಲಿಯನ್ ಪೌಂಡ್, ಸುಳ್ಳು ದುಡ್ಡು. ಅದರಲ್ಲಿ 15 ಜನರನ್ನು ಕೊಳ್ಳಬೇಕು. ಅವರು ನಿಜವಾದ ಮೈದಾನದಲ್ಲಿ ಮಾಡಿದ್ದಕ್ಕೆ ನಮಗೆ ಅಂಕ. ಫಾರ್ವರ್ಡ್ ಗೋಲು ಹೊಡೆದರೆ 4, ಮಿಡ್‌ಫೀಲ್ಡರ್ ಹೊಡೆದರೆ 5, ಗೋಲಿಗೆ ಪಾಸ್ ಕೊಟ್ಟವನಿಗೆ 3. ಒಂದೂ ಗೋಲು ಬಿಟ್ಟುಕೊಡದೆ ಮ್ಯಾಚ್ ಮುಗಿಸಿದರೆ, ಅದಕ್ಕೆ ಕ್ಲೀನ್ ಶೀಟ್ ಅಂತಾರೆ, ಡಿಫೆಂಡರಿಗೂ ಗೋಲ್‌ಕೀಪರಿಗೂ ತಲಾ 4. ಇನ್ನೊಂದು ನಿಯಮ ಇದೆ, ಇವತ್ತಿನ ಕಥೆಗೆ ಅದೇ ಮುಖ್ಯ. ಒಂದು ಕ್ಲಬ್ಬಿನಿಂದ ಮೂವರಿಗಿಂತ ಹೆಚ್ಚು ಜನರನ್ನು ತೆಗೆದುಕೊಳ್ಳುವ ಹಾಗಿಲ್ಲ. ಕ್ಲಬ್ಬು ಎಷ್ಟೇ ಚೆನ್ನಾಗಿರಲಿ, ನಿಮ್ಮ ಮನೆದೇವರೇ ಆಗಿರಲಿ, ಮೂರೇ ಜನ.

ಈ ಥರದ ಆಟ ತೀರಾ ಹೊಸದೇನಲ್ಲ. 1962ರಲ್ಲಿ ಅಮೆರಿಕದ ಓಕ್‌ಲೆಂಡ್ ರೇಡರ್ಸ್ ತಂಡದ ಪಾಲುದಾರ ಬಿಲ್ ವಿಂಕನ್‌ಬಾಕ್ ಅನ್ನೋರು ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಗೆಳೆಯರ ಜೊತೆ ಕೂತು ಅವರ ಫುಟ್‌ಬಾಲಿಗೆ ಇಂಥದ್ದೊಂದು ನಿಯಮಾವಳಿ ಬರೆದರು. ನಾವು ಫುಟ್‌ಬಾಲ್ ಅನ್ನುವ ಆಟಕ್ಕೆ ಇಂಗ್ಲೆಂಡಿನಲ್ಲಿ ಅದನ್ನು ವ್ಯಾಪಾರವಾಗಿ ತಂದದ್ದು 1991ರಲ್ಲಿ ಆಂಡ್ರ್ಯೂ ವೈನ್‌ಸ್ಟೈನ್. ಆಮೇಲೆ ಪತ್ರಿಕೆಗಳು, ಟಿವಿ ಎಲ್ಲ ಹಿಡಿದುಕೊಂಡವು. ಪ್ರೀಮಿಯರ್ ಲೀಗ್ ತಾನೇ ನಡೆಸುವ, ನಾವೆಲ್ಲ ಆಡುವ ಈಗಿನ ಆಟ ಶುರುವಾದದ್ದು 2002ರಲ್ಲಿ. ಇದಕ್ಕೆ ದುಡ್ಡು ಕಟ್ಟಬೇಕಿಲ್ಲ. ಕಳೆದುಕೊಳ್ಳೋದು ನಿದ್ದೆ ಮತ್ತು ಮರ್ಯಾದೆ, ಅಷ್ಟೇ.

ನಾನು ಹೇಳಹೊರಟಿರೋದು ಲೆಸ್ಟರ್ ಸಿಟಿ ಅನ್ನುವ ಒಂದು ಕ್ಲಬ್ಬಿನ ಎರಡು ಆಗಸ್ಟ್‌ಗಳ ಕಥೆ. 2015ರದ್ದು ಒಂದು, 2016ರದ್ದು ಇನ್ನೊಂದು. ಲೆಸ್ಟರ್ ಲೀಗ್ ಗೆದ್ದ ಕಥೆ ನಿಮಗೆ ಗೊತ್ತೇ ಇರುತ್ತೆ. ಆದರೆ ಗೆಲ್ಲುವ ಮುಂಚೆ ಮತ್ತು ಗೆದ್ದ ಮೇಲೆ, ಅವರಲ್ಲಿ ಯಾವ ಮೂವರನ್ನು ಆರಿಸಬೇಕು ಅಂತ ಕೂತವನ ಕಡೆಯಿಂದ ಆ ಕಥೆ ಬೇರೆ ಥರ ಕಾಣುತ್ತೆ.

*

2015ರ ಆಗಸ್ಟ್ 8, ಶನಿವಾರ. ನಾನು ಮೈಸೂರಿನಲ್ಲಿ ಇಂಜಿನಿಯರಿಂಗಿಗೆ ಸೇರಿ, ಹಾಸ್ಟೆಲ್ಲಿನಲ್ಲಿ ಟ್ರಂಕ್ ಇಟ್ಟು ಒಂದು ವಾರ ಆಗಿತ್ತು. ಸೀನಿಯರ್‌ಗಳು ಒಂದು ಲೀಗ್ ಮಾಡಿ, ಫ್ರೆಶರ್‌ಗಳೆಲ್ಲ ಸೇರಲೇಬೇಕು ಅಂತ ಕೋಡನ್ನು ಮೆಸ್ಸಿನ ಗೋಡೆಗೆ ಅಂಟಿಸಿದ್ದರು. ಒಟ್ಟು 31 ಜನ. ಕೊನೆಗೆ ಬಂದವನು ಮೊದಲ ಮೂವರಿಗೆ ಗೋಬಿ ಮಂಚೂರಿ ಕೊಡಿಸಬೇಕು. ಸಂಜೆ ಐದೂಕಾಲಿಗೆ ಮೊದಲ ಮ್ಯಾಚ್.

ನಾನು ಪಿಯುಸಿಯಿಂದಲೂ ಮ್ಯಾಚ್ ನೋಡ್ತಿದ್ದವನು, ಹಾಗಾಗಿ ಜಂಬ ಇತ್ತು. ಹಿಂದಿನ ವರ್ಷ ಚೆಲ್ಸಿ ಗೆದ್ದಿತ್ತು, ಎಡೆನ್ ಹಜಾರ್ಡ್ ವರ್ಷದ ಆಟಗಾರ ಆಗಿದ್ದ. ಕಣ್ಣುಮುಚ್ಚಿಕೊಂಡು ಹಜಾರ್ಡ್‌ನನ್ನು ತಗೊಂಡೆ, ಅವನ ಜೊತೆಗೆ ಚೆಲ್ಸಿಯ ಇನ್ನಿಬ್ಬರನ್ನು. ನನ್ನ ರೂಮ್‌ಮೇಟ್ ಹಾಸನದ ಕಡೆಯವನು, ಕ್ರಿಕೆಟ್ ಹುಡುಗ, ಫುಟ್‌ಬಾಲ್ ಅಷ್ಟಕ್ಕಷ್ಟೆ. ಹದಿನಾಲ್ಕು ಜನರನ್ನು ತುಂಬಿಸಿ ಅವನ ಹತ್ತಿರ 5.5 ಮಿಲಿಯನ್ ಉಳಿದಿತ್ತು. ಆ ಬೆಲೆಗೆ ಸಿಗುವ ಮಿಡ್‌ಫೀಲ್ಡರ್‌ಗಳ ಪಟ್ಟಿಯಲ್ಲಿ ಹೆಸರು ಚೆನ್ನಾಗಿದೆ ಅಂತ ಒಬ್ಬನನ್ನು ಒತ್ತಿದ. ರಿಯಾದ್ ಮಹ್ರೆಜ್.

"ಯಾರೋ ಅದು?" ಅಂದೆ.

"ಗೊತ್ತಿಲ್ಲ ಮಗಾ, ಚಿಲ್ಲರೆಗೆ ಬಂದ" ಅಂದ.

ಆ ಚಿಲ್ಲರೆ ಅವತ್ತೇ ರಾತ್ರಿ ಸಂಡರ್‌ಲೆಂಡ್ ವಿರುದ್ಧ ಎರಡು ಗೋಲು ಹೊಡೆಯಿತು. ಲೆಸ್ಟರ್ 4-2ರಿಂದ ಗೆದ್ದಿತು.

ಈಗ ಹಿಂದೆ ತಿರುಗಿ ನೋಡಿ, ಯಾರಿಗೂ ಗೊತ್ತಿರಲಿಲ್ಲ, ಇದು ಪವಾಡ ಅಂತ ಎಲ್ಲರೂ ಹೇಳ್ತಾರೆ. ಲೆಸ್ಟರ್ ಗೆದ್ದರೆ ಒಂದಕ್ಕೆ ಐದು ಸಾವಿರ ಕೊಡುತ್ತೇವೆ ಅಂತ ಅಲ್ಲಿನ ಬೆಟ್ಟಿಂಗ್ ಅಂಗಡಿಗಳು ಬೋರ್ಡು ಹಾಕಿದ್ದು ನಿಜ. ಆದರೆ ಪೂರ್ತಿ ಕತ್ತಲಲ್ಲಿ ಇದ್ದದ್ದೂ ಅಲ್ಲ. 2014-15ರಲ್ಲಿ ಲೆಸ್ಟರ್ ಕ್ರಿಸ್‌ಮಸ್ ಹೊತ್ತಿಗೆ ಕಟ್ಟಕಡೆಯ ಸ್ಥಾನದಲ್ಲಿತ್ತು. 29 ಮ್ಯಾಚ್ ಆದಾಗ ಬರೀ 19 ಅಂಕ. ಉಳಿದದ್ದು 9 ಮ್ಯಾಚ್. ಅದರಲ್ಲಿ 7 ಗೆದ್ದು, 1 ಡ್ರಾ ಮಾಡಿಕೊಂಡು, 22 ಅಂಕ ತಂದು 14ನೇ ಸ್ಥಾನದಲ್ಲಿ ಬಚಾವಾದರು. ಮ್ಯಾಚಿಗೆ ಸರಾಸರಿ 2.44 ಅಂಕ. ಮುಂದಿನ ವರ್ಷ ಕಪ್ ಗೆದ್ದಾಗ 38 ಮ್ಯಾಚಿನಲ್ಲಿ 81 ಅಂಕ, ಅಂದರೆ ಸರಾಸರಿ 2.13. ಚಾಂಪಿಯನ್ ಆದ ವರ್ಷಕ್ಕಿಂತ ಅದರ ಹಿಂದಿನ ಎರಡು ತಿಂಗಳೇ ಜೋರಾಗಿತ್ತು! 9 ಮ್ಯಾಚ್ ನೋಡಿ 38 ಮ್ಯಾಚಿನ ಭವಿಷ್ಯ ಹೇಳೋಕಾಗಲ್ಲ, ಒಪ್ಪುತ್ತೇನೆ. ಆದರೂ ಆಟಗಾರರಿಗೆ ಬೆಲೆ ಕಟ್ಟಿದವರು ನೋಡಿದ್ದು ಇಡೀ ವರ್ಷದ ಮೊತ್ತವನ್ನು. ಮಹ್ರೆಜ್ ಆ ವರ್ಷ ಲೀಗಿನಲ್ಲಿ ಹೊಡೆದದ್ದು 4 ಗೋಲು, ಜೇಮಿ ವಾರ್ಡಿ ಹೊಡೆದದ್ದು 5. ಹಾಗಾಗಿ ಮಹ್ರೆಜ್ 5.5, ವಾರ್ಡಿ 6.0.

ಅನುಮಾನಕ್ಕೆ ಕಾರಣಗಳೂ ಇದ್ದವು ಅನ್ನಿ. ತಂಡವನ್ನು ಉಳಿಸಿದ ಮ್ಯಾನೇಜರ್ ನೈಜೆಲ್ ಪಿಯರ್ಸನ್ ಅವರನ್ನು 2015ರ ಜೂನ್ 30ರಂದು ಕ್ಲಬ್ ತೆಗೆದುಹಾಕಿತು. ಹಿಂದಿನ ವರ್ಷದ ಅತ್ಯುತ್ತಮ ಆಟಗಾರ ಕ್ಯಾಂಬಿಯಾಸೊ ಬಿಟ್ಟು ಹೋದ. ಬಂದವರು ಕ್ಲಾಡಿಯೊ ರಾನಿಯೇರಿ. ಅವರು ಅದಕ್ಕೂ ಮುಂಚೆ ಗ್ರೀಸ್ ತಂಡದ ಕೋಚ್ ಆಗಿದ್ದು, ಫೆರೋ ದ್ವೀಪಗಳ ಕೈಲಿ ತವರಿನಲ್ಲೇ ಸೋತು 2014ರ ನವೆಂಬರಿನಲ್ಲಿ ಕೆಲಸ ಕಳೆದುಕೊಂಡಿದ್ದವರು. ಲೆಸ್ಟರ್ ಊರಿನವರೇ ಆದ ಗ್ಯಾರಿ ಲಿನೇಕರ್ ಕೂಡ ಇವರ ನೇಮಕಕ್ಕೆ ಹುಬ್ಬೇರಿಸಿದ್ದರು. ಅದಲ್ಲದೆ ರಾನಿಯೇರಿಗೆ ಚೆಲ್ಸಿಯಲ್ಲಿದ್ದಾಗಿನಿಂದಲೂ 'ಟಿಂಕರ್‌ಮನ್' ಅಂತ ಅಡ್ಡಹೆಸರು. ಪ್ರತಿ ಮ್ಯಾಚಿಗೂ ತಂಡ ಬದಲಾಯಿಸುತ್ತಾರೆ ಅಂತ. ಫ್ಯಾಂಟಸಿ ಆಡೋರಿಗೆ ಇದಕ್ಕಿಂತ ಕೆಟ್ಟ ಸುದ್ದಿ ಇಲ್ಲ, ಕೊಂಡ ಆಟಗಾರ ಬೆಂಚಿನ ಮೇಲೆ ಕೂತರೆ ಅಂಕ ಎಲ್ಲಿಂದ ಬರಬೇಕು? ತಮಾಷೆ ಏನಂದ್ರೆ ಆ ವರ್ಷ ಲೀಗಿನಲ್ಲಿ ಆಡುವ ಹನ್ನೊಂದನ್ನು ಅತಿ ಕಡಿಮೆ ಬದಲಾಯಿಸಿದ ಮ್ಯಾನೇಜರ್ ಇದೇ ರಾನಿಯೇರಿ.

ಮುಂದೆ ಆಗಿದ್ದನ್ನು ಬೇಗ ಹೇಳಿಬಿಡ್ತೀನಿ. ಆಗಸ್ಟ್ 29ರಿಂದ ವಾರ್ಡಿ ಪ್ರತಿ ಮ್ಯಾಚಿನಲ್ಲೂ ಗೋಲು ಹೊಡೆಯಲು ಶುರುಮಾಡಿದ. ನವೆಂಬರ್ 28ರಂದು ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಸತತ ಹನ್ನೊಂದನೆಯದರಲ್ಲಿ ಹೊಡೆದು ರೂಡ್ ವಾನ್ ನಿಸ್ಟೆಲ್‌ರೂಯ್ ದಾಖಲೆ ಮುರಿದ. ಮೂರ್ನಾಲ್ಕು ವರ್ಷ ಮುಂಚೆ ಲೀಗ್ ವ್ಯವಸ್ಥೆಯ ಕೆಳಗಿನ ಮೆಟ್ಟಿಲುಗಳಲ್ಲಿ ಆಡಿಕೊಂಡಿದ್ದ, ಅದಕ್ಕೂ ಮುಂಚೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಹುಡುಗ. ಮಹ್ರೆಜ್‌ನನ್ನು ಫ್ರಾನ್ಸಿನ ಎರಡನೇ ದರ್ಜೆಯ ಲೀಗಿನಿಂದ ಸುಮಾರು ನಾಲ್ಕೂವರೆ ಲಕ್ಷ ಪೌಂಡಿಗೆ ತಂದಿದ್ದರು. ಅವನು ಆ ವರ್ಷ 17 ಗೋಲು ಹೊಡೆದು, ಫ್ಯಾಂಟಸಿಯಲ್ಲಿ 240 ಅಂಕ ಗಳಿಸಿದ. ಇಡೀ ಆಟದಲ್ಲೇ ಅದು ಅತಿ ಹೆಚ್ಚು.

ಡಿಫೆನ್ಸಿನ ಕಥೆ ಇನ್ನೂ ಚೆನ್ನಾಗಿದೆ. ಮೊದಲ 9 ಮ್ಯಾಚಿನಲ್ಲಿ ಲೆಸ್ಟರಿಗೆ ಒಂದೂ ಕ್ಲೀನ್ ಶೀಟ್ ಇಲ್ಲ. ಸೆಪ್ಟೆಂಬರ್ 26ರಂದು ಆರ್ಸೆನಲ್ ಕೈಲಿ 5-2ರಿಂದ ಹೊಡೆತ ತಿಂದರು. ಆಗ ರಾನಿಯೇರಿ ಎರಡೂ ಫುಲ್‌ಬ್ಯಾಕ್‌ಗಳನ್ನು ತೆಗೆದು ಡ್ಯಾನಿ ಸಿಂಪ್ಸನ್ ಮತ್ತು ಕ್ರಿಸ್ಟಿಯನ್ ಫುಕ್ಸ್‌ನನ್ನು ಹಾಕಿದರು. ಜೊತೆಗೆ ಒಂದು ಆಮಿಷವನ್ನೂ ಒಡ್ಡಿದರು, ಗೋಲು ಬಿಡದೆ ಒಂದು ಮ್ಯಾಚ್ ಮುಗಿಸಿ, ಎಲ್ಲರಿಗೂ ಪಿಜ್ಜಾ ಕೊಡಿಸ್ತೀನಿ ಅಂತ. ಅಕ್ಟೋಬರ್ 24ರಂದು ಕ್ರಿಸ್ಟಲ್ ಪ್ಯಾಲೆಸ್ ವಿರುದ್ಧ 1-0. ಪಿಜ್ಜಾ ಅಂಗಡಿಗೆ ಕರೆದುಕೊಂಡು ಹೋದರು, ಆದರೆ ನಿಮ್ಮ ಪಿಜ್ಜಾ ನೀವೇ ತಟ್ಟಿಕೊಳ್ಳಿ ಅಂದರು! ಉಳಿದ 29 ಮ್ಯಾಚಿನಲ್ಲಿ 15 ಕ್ಲೀನ್ ಶೀಟ್. ಮಾರ್ಚ್ ಮತ್ತು ಏಪ್ರಿಲ್ ಮೊದಲ ವಾರದಲ್ಲಿ ವಾಟ್‌ಫರ್ಡ್, ನ್ಯೂಕಾಸಲ್, ಪ್ಯಾಲೆಸ್, ಸೌತಾಂಪ್ಟನ್ ನಾಲ್ಕನ್ನೂ ಸಾಲಾಗಿ 1-0ರಿಂದಲೇ ಗೆದ್ದರು. ಕ್ಯಾಪ್ಟನ್ ವೆಸ್ ಮಾರ್ಗನ್ 38 ಮ್ಯಾಚಿನಲ್ಲಿ ಒಂದೇ ಒಂದು ನಿಮಿಷವೂ ಹೊರಗೆ ಕೂರಲಿಲ್ಲ.

ಇತ್ತ ನನ್ನ ಹಜಾರ್ಡ್ ಏಪ್ರಿಲ್ 23ರ ತನಕ ಲೀಗಿನಲ್ಲಿ ಒಂದೂ ಗೋಲು ಹೊಡೆಯಲಿಲ್ಲ. ಡಿಸೆಂಬರ್ 14ರಂದು ಚೆಲ್ಸಿ ಲೆಸ್ಟರ್ ಕೈಲೇ 2-1ರಿಂದ ಸೋತಿತು, ಗೋಲು ಹೊಡೆದವರು ವಾರ್ಡಿ ಮತ್ತು ಮಹ್ರೆಜ್. ಮೂರು ದಿನಕ್ಕೆ ಮೊರಿನ್ಯೊ ಮನೆಗೆ ಹೋದರು. ಕೊನೆಗೆ ಮೇ 2ರಂದು ಟಾಟನಂ ವಿರುದ್ಧ ಚೆಲ್ಸಿಗೆ 2-2 ಸಮ ಮಾಡಿಕೊಟ್ಟು ಲೆಸ್ಟರಿಗೆ ಕಪ್ ಕೊಡಿಸಿದವನು ಯಾರು ಅಂತೀರಿ? ಹಜಾರ್ಡ್! ನಮ್ಮ ಗಡಿಯಾರದಲ್ಲಿ ರಾತ್ರಿ ಎರಡು ದಾಟಿತ್ತು. ಕಾರಿಡಾರಿನಲ್ಲಿ ಒಂದೇ ಫೋನಿನ ಸುತ್ತ ಹನ್ನೆರಡು ಜನ. ನಾನು ಅವನನ್ನು ಮಾರಿ ಆರು ತಿಂಗಳಾಗಿತ್ತು. ಹಾಸ್ಟೆಲ್ ಲೀಗಿನಲ್ಲಿ ನಾನು 22ನೆಯವನು, ಚಿಲ್ಲರೆಗೆ ಮಹ್ರೆಜ್ ಕೊಂಡವನು 3ನೆಯವನು. ಕೊನೆಗೆ ಬಂದ ಸಿವಿಲ್ ಬ್ರಾಂಚಿನವನ ದುಡ್ಡಲ್ಲಿ ಗೋಬಿ ತಿಂದ.

*

ಈಗ ಎರಡನೇ ಆಗಸ್ಟ್. ನನ್ನ ದಡ್ಡತನದ ನಿಜವಾದ ಕಥೆ ಇರೋದು ಇಲ್ಲಿ.

ಆ ರಜೆಯಲ್ಲಿ ನಾನು ಒಂದು ಎಕ್ಸೆಲ್ ಶೀಟ್ ಮಾಡಿದೆ. 22ನೆಯವನಾದ ಅವಮಾನ ಇತ್ತಲ್ಲ. ಹೋದ ವರ್ಷದ 38 ಮ್ಯಾಚಿನಲ್ಲೂ ಯಾರು ಎಷ್ಟು ಗೋಲು, ಯಾರು ಎಷ್ಟು ಪಾಸ್, ಎಷ್ಟು ಕ್ಲೀನ್ ಶೀಟ್, ಒಂದು ಮಿಲಿಯನ್ನಿಗೆ ಎಷ್ಟು ಅಂಕ, ತವರಲ್ಲಿ ಎಷ್ಟು, ಹೊರಗೆ ಎಷ್ಟು. ಬಣ್ಣ ಬಣ್ಣದ ಕಾಲಂಗಳು. ಲೆಸ್ಟರಿನವರು ಪಟ್ಟಿಯ ತುದಿಯಲ್ಲಿ ಹಸಿರಾಗಿ ಹೊಳೀತಿದ್ದರು. ಈ ಸಲ ಬೆಲೆಯೂ ಹೊಳೀತಿತ್ತು, ಬಿಡಿ. 6.0 ಇದ್ದ ವಾರ್ಡಿ 10.0, 5.5 ಇದ್ದ ಮಹ್ರೆಜ್ 9.5. ಹೋದ ವರ್ಷ ಇಬ್ಬರೂ ಸೇರಿ 11.5ಕ್ಕೆ ಸಿಗುತ್ತಿದ್ದರು, ಈಗ 19.5. ಇರುವ ನೂರರಲ್ಲಿ ಐದನೇ ಒಂದು ಭಾಗ ಇಬ್ಬರಿಗೇ. ನಾನು ಯೋಚನೆ ಮಾಡಲಿಲ್ಲ. ವಾರ್ಡಿ, ಮಹ್ರೆಜ್, ಡಿಫೆನ್ಸಿಗೆ ಮಾರ್ಗನ್. ಮೂವರ ಕೋಟಾ ಭರ್ತಿ.

ಆ ಶೀಟಿನಲ್ಲಿ ಒಬ್ಬನ ಹೆಸರು ಎಲ್ಲೋ ಕೆಳಗೆ ಇತ್ತು. ಎಂಗೊಲೊ ಕಾಂಟೆ. 2015ರ ಆಗಸ್ಟ್ 3ರಂದು, ಸೀಸನ್ ಶುರುವಾಗಲು ಐದು ದಿನ ಇರುವಾಗ, ಫ್ರಾನ್ಸಿನ ಕಾನ್ ಕ್ಲಬ್ಬಿನಿಂದ ಬಂದವನು. ಕುಳ್ಳ, ನಾಚಿಕೆಯ ಮನುಷ್ಯ. ಆಟಗಾರರನ್ನು ಹುಡುಕುವ ಕೆಲಸದಲ್ಲಿದ್ದ ಸ್ಟೀವ್ ವಾಲ್ಶ್ ಹಟ ಹಿಡಿದು ತರಿಸಿದ್ದರು. ಚಾಂಪಿಯನ್ ಆದ ವರ್ಷ ಲೀಗಿನಲ್ಲಿ ಅವನು ಹೊಡೆದದ್ದು ಒಂದೇ ಗೋಲು. ಆದರೆ ಎದುರಾಳಿಯ ಕಾಲಿನಿಂದ ಚೆಂಡು ಕಿತ್ತುಕೊಂಡ ಟ್ಯಾಕಲ್ 175, ದಾರಿಯಲ್ಲೇ ತಡೆದ ಇಂಟರ್‌ಸೆಪ್ಷನ್ 156. ಎರಡರಲ್ಲೂ ಇಡೀ ಲೀಗಿಗೆ ಅವನೇ ಮೊದಲು. ಲೆಸ್ಟರ್ ಆಟದ ಗುಟ್ಟೇ ಅದಾಗಿತ್ತು. ಚೆಂಡು ಎದುರಾಳಿಯ ಹತ್ತಿರವೇ ಹೆಚ್ಚು ಹೊತ್ತು ಇರಲಿ, ಅವರು ಮುಂದೆ ಮುಂದೆ ಬರಲಿ. ಕಾಂಟೆ ಕಿತ್ತುಕೊಳ್ಳಬೇಕು, ಡ್ರಿಂಕ್‌ವಾಟರ್ ಇಲ್ಲವೇ ಮಹ್ರೆಜ್ ಅದನ್ನು ತಕ್ಷಣ ಮುಂದಕ್ಕೆ ಕಳಿಸಬೇಕು, ಎದುರಾಳಿಯ ಡಿಫೆಂಡರ್‌ಗಳ ಬೆನ್ನ ಹಿಂದೆ ಖಾಲಿ ಬಿದ್ದಿರುವ ಜಾಗಕ್ಕೆ ವಾರ್ಡಿ ಓಡಬೇಕು. ಮೂರು ಪಾಸ್, ಒಂದು ಗೋಲು. ಫ್ಯಾಂಟಸಿಯಲ್ಲಿ ಹೊಡೆದವನಿಗೆ 4, ಪಾಸ್ ಕೊಟ್ಟವನಿಗೆ 3. ಕಿತ್ತುಕೊಂಡವನಿಗೆ ಸೊನ್ನೆ.

ನಾನು ಇಂಜಿನಿಯರಿಂಗ್ ವಿದ್ಯಾರ್ಥಿ, ಶೀಟಿನಲ್ಲಿ ಏನು ಕಾಲಂ ಇದೆಯೋ ಅದನ್ನೇ ನೋಡಿದೆ. ಟ್ಯಾಕಲ್‌ಗೆ ಕಾಲಂ ಇರಲಿಲ್ಲ.

2016ರ ಜುಲೈ 16ರಂದು ಕಾಂಟೆ ಚೆಲ್ಸಿಗೆ ಹೋದ. ವಾಲ್ಶ್ ಕೂಡ ಅದೇ ತಿಂಗಳು ಎವರ್ಟನ್ ಸೇರಿದರು. ರಜೆ ಮುಗಿಸಿ ಹಾಸ್ಟೆಲ್ಲಿಗೆ ಬಂದಾಗ ರೂಮ್‌ಮೇಟಿಗೆ ನನ್ನ ಶೀಟ್ ತೋರಿಸಿದೆ. ಅವನು ಒಂದು ವರ್ಷದಲ್ಲಿ ಲೆಸ್ಟರಿನ ಮ್ಯಾಚೆಲ್ಲ ನೋಡಿ ನೋಡಿ ಭಕ್ತ ಆಗಿಬಿಟ್ಟಿದ್ದ. ಸ್ವಲ್ಪ ಹೊತ್ತು ನೋಡಿ, "ಎಲ್ಲಾ ಸರಿ ಮಗಾ. ಬಾಲ್ ತಂದುಕೊಡೋನೇ ಹೋದ್ಮೇಲೆ ಇವರಿಗೆ ಬಾಲ್ ಎಲ್ಲಿಂದ ಬರುತ್ತೆ?" ಅಂದ.

ನಾನು ನಕ್ಕುಬಿಟ್ಟೆ. ಒಂದು ಗೋಲು ಹೊಡೆದವನ ಬಗ್ಗೆ ಇಷ್ಟು ಚಿಂತೆ ಯಾಕೋ, 24 ಹೊಡೆದವನು ಇಲ್ಲೇ ಇದಾನಲ್ಲ ಅಂದೆ. ಅವನು ಪ್ರೀತಿಗೋಸ್ಕರ ಮಹ್ರೆಜ್ ಒಬ್ಬನನ್ನು ಇಟ್ಟುಕೊಂಡ. ನನ್ನ ಮೂವರು ಹಾಗೇ ಉಳಿದರು.

ಆಗಸ್ಟ್ 13, ಸೀಸನ್ನಿನ ಮೊಟ್ಟಮೊದಲ ಮ್ಯಾಚೇ ಲೆಸ್ಟರಿನದ್ದು, ಹಲ್ ಸಿಟಿ ವಿರುದ್ಧ. ಹಲ್ ಸ್ಥಿತಿ ಆಗ ಹೇಗಿತ್ತು ಅಂದ್ರೆ ಮ್ಯಾನೇಜರ್ ಸ್ಟೀವ್ ಬ್ರೂಸ್ ಮೂರು ವಾರದ ಹಿಂದೆ ರಾಜೀನಾಮೆ ಕೊಟ್ಟಿದ್ದರು, ಹಂಗಾಮಿಯಾಗಿ ಮೈಕ್ ಫೀಲನ್ ನೋಡಿಕೊಳ್ತಿದ್ದರು, ಆಡಲು ಗಟ್ಟಿಯಾಗಿರುವ ಹಿರಿಯ ಆಟಗಾರರು ಬೆಂಚು ತುಂಬುವಷ್ಟೂ ಇರಲಿಲ್ಲ. ಚಾಂಪಿಯನ್ನರಿಗೆ ಇದಕ್ಕಿಂತ ಸುಲಭದ ಮ್ಯಾಚ್ ಸಿಗೋದುಂಟೆ? ನಾನು ವಾರ್ಡಿಯನ್ನು ಕ್ಯಾಪ್ಟನ್ ಮಾಡಿದ್ದೆ, ಕ್ಯಾಪ್ಟನ್ ಆದವನ ಅಂಕ ಎರಡರಷ್ಟಾಗುತ್ತೆ. ಮೊದಲಾರ್ಧದ ಕೊನೆಯಲ್ಲಿ ಹಲ್‌ನ ಡಿಯೊಮಾಂಡೆ ಮತ್ತು ಹೆರ್ನಾಂಡೆಜ್ ಇಬ್ಬರೂ ಅಕ್ಕಪಕ್ಕದಲ್ಲಿ ಒಟ್ಟಿಗೇ ಗಾಳಿಯಲ್ಲಿ ಬೆನ್ನು ಮಾಡಿ ಬೈಸಿಕಲ್ ಕಿಕ್ ಹೊಡೆದರು, ಯಾರ ಕಾಲಿಗೆ ತಾಗಿತೋ, ಚೆಂಡು ಒಳಗೆ. ಮಹ್ರೆಜ್ ಪೆನಾಲ್ಟಿಯಲ್ಲಿ ಸಮ ಮಾಡಿದ. ಆಮೇಲೆ ಸ್ನಾಡ್‌ಗ್ರಾಸ್ ಇನ್ನೊಂದು ಹೊಡೆದು 2-1. ವಾರ್ಡಿಗೆ ಏನೂ ಇಲ್ಲ. ಪ್ರೀಮಿಯರ್ ಲೀಗ್ ಅನ್ನೋ ಹೆಸರು ಬಂದ ಮೇಲೆ ಹಾಲಿ ಚಾಂಪಿಯನ್ ಮೊದಲ ಮ್ಯಾಚೇ ಸೋತದ್ದು ಅದೇ ಮೊದಲು. ಅವತ್ತೇ ರಾತ್ರಿ ಲಿನೇಕರ್, ಲೆಸ್ಟರ್ ಗೆದ್ದರೆ ಚಡ್ಡಿಯಲ್ಲಿ ಕಾರ್ಯಕ್ರಮ ನಡೆಸಿಕೊಡ್ತೀನಿ ಅಂತ ಮಾತು ಕೊಟ್ಟಿದ್ದನ್ನು ಉಳಿಸಿಕೊಳ್ಳಲು ಬಿಬಿಸಿಯಲ್ಲಿ ಚಡ್ಡಿಯಲ್ಲೇ ಕೂತಿದ್ದರು. ಹಿಂದಿನ ವರ್ಷದ ಸಂಭ್ರಮ ಅಲ್ಲಿ ಇನ್ನೂ ನಡೀತಿತ್ತು, ಮೈದಾನದಲ್ಲಿ ಮುಗಿದುಹೋಗಿತ್ತು.

ಎಲ್ಲಾ ಕಾಂಟೆ ಒಬ್ಬನಿಂದಲೇ ಆಯಿತು ಅಂದರೆ ತಪ್ಪಾಗುತ್ತೆ. ಅವನ ಜಾಗಕ್ಕೆ ನೀಸ್ ಕ್ಲಬ್ಬಿನಿಂದ ತಂದ ಮೆಂಡಿ ಎರಡನೇ ಮ್ಯಾಚಿನಲ್ಲೇ ಕಾಲು ಉಳುಕಿಸಿಕೊಂಡು ಕುಂಟುತ್ತಾ ಹೊರಗೆ ಹೋದ. ಚಾಂಪಿಯನ್ಸ್ ಲೀಗ್ ಅಂತ ವಾರದ ಮಧ್ಯೆ ಬೇರೆ ಮ್ಯಾಚ್‌ಗಳು ಬಂದವು. ಕಾರ್ನರ್ ಕಿಕ್ ವೇಳೆ ಎದುರಾಳಿಯನ್ನು ತಬ್ಬಿ ಹಿಡಿಯುವುದಕ್ಕೆ ಪೆನಾಲ್ಟಿ ಕೊಡಿ ಅಂತ ರೆಫರಿಗಳಿಗೆ ಆ ವರ್ಷ ಕಟ್ಟುನಿಟ್ಟಿನ ಸೂಚನೆ ಹೋಗಿತ್ತು, ಮೂವತ್ತು ದಾಟಿದ ಮಾರ್ಗನ್ ಮತ್ತು ಹೂತ್‌ಗೆ ಅದು ಒಗ್ಗಲಿಲ್ಲ. ಎದುರಾಳಿಗಳೂ ಬುದ್ಧಿ ಕಲಿತಿದ್ದರು. ಮುಂದೆ ಬರದೆ ಹಿಂದೆಯೇ ಕೂತರೆ ವಾರ್ಡಿಗೆ ಓಡಲು ಜಾಗವೇ ಇಲ್ಲ. ಇದೆಲ್ಲ ನಿಜ. ಆದರೆ ಅದೇ ವರ್ಷ, 10ನೇ ಸ್ಥಾನದಲ್ಲಿದ್ದ ಚೆಲ್ಸಿ ಕಾಂಟೆ ಬಂದ ಮೇಲೆ 93 ಅಂಕ ತಗೊಂಡು ಚಾಂಪಿಯನ್ ಆಯಿತು. ಮೊದಲನೇ ಸ್ಥಾನದಲ್ಲಿದ್ದ ಲೆಸ್ಟರ್ 44 ಅಂಕಕ್ಕೆ ಇಳಿದು 12ನೆಯದಾಯಿತು. ವರ್ಷದ ಆಟಗಾರ ಪ್ರಶಸ್ತಿ ಕಾಂಟೆಗೇ ಬಂತು.

ನಾನು ವಾರ್ಡಿಯನ್ನು ಎಷ್ಟು ದಿನ ಹಿಡಿದುಕೊಂಡಿದ್ದೆ ಅಂತ ಹೇಳೋಕೆ ನಾಚಿಕೆ ಆಗುತ್ತೆ. ಸೆಪ್ಟೆಂಬರ್ 10ರಂದು ಲಿವರ್‌ಪೂಲ್ ವಿರುದ್ಧ ಹೊಡೆದವನು ಅದಾದ ಮೇಲೆ ಲೀಗಿನಲ್ಲಿ ಹೊಡೆಯಲೇ ಇಲ್ಲ. ಅಕ್ಟೋಬರ್ ಹೋಯಿತು, ನವೆಂಬರ್ ಹೋಯಿತು. ಪ್ರತಿ ಶುಕ್ರವಾರ ಶೀಟ್ ತೆಗೆದು, ಹೋದ ವರ್ಷದ ಹಸಿರು ಬಣ್ಣ ನೋಡಿ, ಈ ವಾರ ಹೊಡೀತಾನೆ ಅಂತ ಸಮಾಧಾನ ಮಾಡಿಕೊಳ್ತಿದ್ದೆ. ಕೊನೆಗೆ ಡಿಸೆಂಬರ್ ಮೊದಲ ವಾರ, ಇಂಟರ್ನಲ್ಸ್ ಮಧ್ಯೆ, ಸಿಟ್ಟಿನಲ್ಲಿ ಮಾರಿಬಿಟ್ಟೆ. ಡಿಸೆಂಬರ್ 10ರಂದು ಮ್ಯಾಂಚೆಸ್ಟರ್ ಸಿಟಿ ವಿರುದ್ಧ ಹ್ಯಾಟ್ರಿಕ್ ಹೊಡೆದ. ಮೂರು ತಿಂಗಳು ಕಾದು, ಒಂದು ವಾರ ತಡೆಯೋಕೆ ಆಗಲಿಲ್ಲ. ರೂಮ್‌ಮೇಟ್ ಅವತ್ತು ಏನೂ ಮಾತಾಡಲಿಲ್ಲ, ಮೆಸ್ಸಿನಲ್ಲಿ ನನ್ನ ತಟ್ಟೆಗೆ ತನ್ನ ಪಾಲಿನ ಜಾಮೂನು ಹಾಕಿ ಎದ್ದು ಹೋದ.

ಹೊಸ ವರ್ಷ ಬಂದ ಮೇಲೆ ಇನ್ನೂ ಕೆಟ್ಟಿತು. 2017ರ ಜನವರಿ ಮತ್ತು ಫೆಬ್ರವರಿಯಲ್ಲಿ ರಾನಿಯೇರಿ ಇರುವ ತನಕ ಆರು ಲೀಗ್ ಮ್ಯಾಚ್, ಒಂದೇ ಒಂದು ಗೋಲು ಇಲ್ಲ. ಫೆಬ್ರವರಿ 23ರಂದು, ಕೆಳಗಿನ ಲೀಗಿಗೆ ಬೀಳುವ ಮೂರು ಸ್ಥಾನಗಳಿಗಿಂತ ಒಂದೇ ಅಂಕ ಮೇಲಿದ್ದಾಗ, ರಾನಿಯೇರಿಯನ್ನು ತೆಗೆದರು. ಕಪ್ ಗೆದ್ದು ಹತ್ತು ತಿಂಗಳೂ ಆಗಿರಲಿಲ್ಲ. ನಾಲ್ಕು ದಿನದ ನಂತರ ಲಿವರ್‌ಪೂಲನ್ನು 3-1ರಿಂದ ಸೋಲಿಸಿದರು, ವಾರ್ಡಿ ಎರಡು ಹೊಡೆದ. ಅದನ್ನು ನೋಡಿ ಆಟಗಾರರೇ ಮ್ಯಾನೇಜರನ್ನು ಕಳಿಸಿದರು ಅಂತ ಎಷ್ಟೋ ಜನ ಬೈದರು. ನನಗೆ ಅನ್ನಿಸಿದ್ದು ಬೇರೆ. ನಾನು ಮಾಡಿದ ತಪ್ಪನ್ನೇ ಎಲ್ಲರೂ ಮಾಡಿದ್ದರು. ಹೋದ ವರ್ಷದ ಅಂಕಪಟ್ಟಿ ತೋರಿಸಿ ಈ ವರ್ಷದ ಲೆಕ್ಕ ಕೇಳ್ತಿದ್ದರು. ಮಹ್ರೆಜ್ 17ರಿಂದ 6ಕ್ಕೆ ಬಂದ, ವಾರ್ಡಿ 24ರಿಂದ 13ಕ್ಕೆ. ಅವರೇನು ಆಟ ಮರೆತಿರಲಿಲ್ಲ. ಮಹ್ರೆಜ್ ಆಮೇಲೆ ಮ್ಯಾಂಚೆಸ್ಟರ್ ಸಿಟಿಗೆ ಹೋಗಿ ಇನ್ನೂ ನಾಲ್ಕು ಸಲ ಲೀಗ್ ಗೆದ್ದ.

ಕಾಂಟೆ ವಿಷಯ ನನಗೆ ಇನ್ನೊಂದು ಸಲ ನೆನಪಾದದ್ದು ಕೆಲಸಕ್ಕೆ ಸೇರಿದ ಮೇಲೆ. ನಮ್ಮ ಟೀಮಿನಲ್ಲಿ ಒಬ್ಬ ಇದ್ದ. ಹೊಸ ಫೀಚರ್ ಅಂತ ಅವನ ಹೆಸರಲ್ಲಿ ಒಂದೂ ಇಲ್ಲ. ಬೇರೆಯವರ ಕೋಡ್ ರಿವ್ಯೂ ಮಾಡೋದು, ರಾತ್ರಿ ಸರ್ವರ್ ಬಿದ್ದರೆ ಎದ್ದು ನೋಡೋದು, ಇಷ್ಟೇ ಅವನ ಕೆಲಸ. ವರ್ಷದ ಕೊನೆಯಲ್ಲಿ ಯಾರು ಏನು ಮಾಡಿದರು ಅಂತ ಪಟ್ಟಿ ಮಾಡಿಕೊಡುವ ಕೆಲಸ ನನಗೆ ಬಂತು. ಕಾಲಂಗಳು ಮೊದಲೇ ಇದ್ದವು, ನಾನು ತುಂಬಿಸಿಕೊಟ್ಟೆ. ಅವನ ಸಾಲು ಬಹುತೇಕ ಖಾಲಿ. ಮೂರು ತಿಂಗಳಿಗೆ ಅವನು ಬೇರೆ ಕಡೆ ಹೋದ. ಅವನು ಹೋದ ಮೇಲೆ ಬಂದ ಮೊದಲ ರಿಲೀಸಿನ ರಾತ್ರಿ ನಾನು ಬೆಳಗಿನ ನಾಲ್ಕು ಗಂಟೆ ತನಕ ಎದ್ದಿದ್ದೆ, ಆಗ ರೂಮ್‌ಮೇಟಿಗೆ ಒಂದು ಮೆಸೇಜ್ ಹಾಕಿದೆ: "ಬಾಲ್ ಎಲ್ಲಿಂದ ಬರುತ್ತೆ?" ಅವನು ಅಮೆರಿಕದಲ್ಲಿದ್ದಾನೆ, ಅವನಿಗೆ ಮಧ್ಯಾಹ್ನ. ತಕ್ಷಣ ಅರ್ಥ ಆಯಿತು, ನಗುವ ಮುಖ ಕಳಿಸಿದ.

*

2025-26ರ ಸೀಸನ್ನಿಗೆ ಫ್ಯಾಂಟಸಿಯವರು ಕೊನೆಗೂ ನಿಯಮ ಬದಲಾಯಿಸಿದರು. ಡಿಫೆಂಡರ್ ಒಂದು ಮ್ಯಾಚಿನಲ್ಲಿ ಟ್ಯಾಕಲ್, ಇಂಟರ್‌ಸೆಪ್ಷನ್, ಬ್ಲಾಕ್, ಕ್ಲಿಯರೆನ್ಸ್ ಎಲ್ಲ ಸೇರಿ 10 ಮುಟ್ಟಿದರೆ 2 ಅಂಕ. ಮಿಡ್‌ಫೀಲ್ಡರ್ ಮತ್ತು ಫಾರ್ವರ್ಡಿಗೆ, ಯಾರ ಹಿಡಿತದಲ್ಲೂ ಇಲ್ಲದ ಚೆಂಡನ್ನು ವಶಮಾಡಿಕೊಂಡದ್ದೂ ಸೇರಿ, 12 ಮುಟ್ಟಿದರೆ 2 ಅಂಕ. ಸುದ್ದಿ ಓದಿದ ತಕ್ಷಣ ಹಳೇ ಶೀಟ್ ಹುಡುಕಿ ತೆಗೆದೆ, ಇನ್ನೂ ಡ್ರೈವಿನಲ್ಲಿದೆ. ಕಾಂಟೆ ಆ ವರ್ಷ ಆಡಿದ್ದು 37 ಮ್ಯಾಚ್. 175ಕ್ಕೆ 156 ಕೂಡಿಸಿದರೆ 331, ಅಂದರೆ ಮ್ಯಾಚಿಗೆ ಹತ್ತಿರ ಹತ್ತಿರ 9. ಇದು ಬರೀ ಎರಡು ಬಾಬ್ತಿನ ಲೆಕ್ಕ. ಉಳಿದದ್ದನ್ನೂ ಸೇರಿಸಿದರೆ 12 ದಾಟುವುದು ಅವನಿಗೆ ದಿನನಿತ್ಯದ ಕೆಲಸ ಆಗಿರುತ್ತಿತ್ತು. 30 ಮ್ಯಾಚಿನಲ್ಲಿ ದಾಟಿದ್ದ ಅಂತ ಇಟ್ಟುಕೊಂಡರೂ 60 ಅಂಕ. ಹೊಸ ಕಾಲಂ ಹಾಕಿ, ಅವನ ಸಾಲಿನಲ್ಲಿ 60 ಅಂತ ಬರೆದು, ಹಸಿರು ಬಣ್ಣ ಬಳಿದೆ. ಹತ್ತು ವರ್ಷ ತಡವಾಯಿತು, ಅಷ್ಟೆ.

ಲೆಸ್ಟರಿಗೆ ಆಮೇಲೆ ಏನೇನೋ ಆಯಿತು. ಕ್ಲಬ್ಬಿನ ಮಾಲೀಕ ವಿಚೈ ಶ್ರೀವದ್ಧನಪ್ರಭ 2018ರ ಅಕ್ಟೋಬರ್ 27ರಂದು ಮೈದಾನದ ಪಕ್ಕದಲ್ಲೇ ಹೆಲಿಕಾಪ್ಟರ್ ಬಿದ್ದು ತೀರಿಕೊಂಡರು. 2021ರಲ್ಲಿ ಎಫ್‌ಎ ಕಪ್ ಗೆದ್ದರು. 2023ರಲ್ಲಿ ಕೆಳಗಿನ ಲೀಗಿಗೆ ಬಿದ್ದರು, ಒಂದೇ ವರ್ಷದಲ್ಲಿ ಎದ್ದು ಬಂದರು, 2025ರಲ್ಲಿ ಮತ್ತೆ ಬಿದ್ದರು. ಆ ಸಲ ಬಿದ್ದಾಗ ಮ್ಯಾನೇಜರ್ ಆಗಿದ್ದವರು ಯಾರು ಗೊತ್ತೆ? ವಾರ್ಡಿ ಯಾರ ದಾಖಲೆ ಮುರಿದಿದ್ದನೋ ಅದೇ ವಾನ್ ನಿಸ್ಟೆಲ್‌ರೂಯ್. ಚಾಂಪಿಯನ್ ತಂಡದಲ್ಲಿದ್ದವರೆಲ್ಲ ಅಷ್ಟೊತ್ತಿಗೆ ಒಬ್ಬೊಬ್ಬರೇ ಹೋಗಿ ವಾರ್ಡಿ ಒಬ್ಬ ಉಳಿದಿದ್ದ. 2025ರ ಮೇ 18ರಂದು ಇಪ್ಸ್‌ವಿಚ್ ವಿರುದ್ಧ ಲೆಸ್ಟರಿಗಾಗಿ ತನ್ನ 500ನೇ ಮ್ಯಾಚಿನಲ್ಲಿ 200ನೇ ಗೋಲು ಹೊಡೆದು, ಅಲ್ಲಿಗೆ ಬೂಟು ಕಳಚಿಟ್ಟು ಆ ಕ್ಲಬ್ಬಿನಿಂದ ಹೊರಟ. ಅವತ್ತು ಅವನು ನನ್ನ ಟೀಮಿನಲ್ಲಿದ್ದ. ಅಂಕಕ್ಕೋಸ್ಕರ ಅಲ್ಲ, ಹಾಗೇ ಕೊನೇ ಸಲ ಇರಲಿ ಅಂತ ಆ ವಾರ ಕೊಂಡಿದ್ದೆ.

ಫ್ಯಾಂಟಸಿಯಲ್ಲಿ ಇನ್ನೊಂದು ವಿಷಯ ಇದೆ. ಕ್ಲಬ್ಬು ಕೆಳಗಿನ ಲೀಗಿಗೆ ಬಿದ್ದರೆ ಪಟ್ಟಿಯಿಂದಲೇ ಹೋಗಿಬಿಡುತ್ತೆ, ಒಬ್ಬನನ್ನೂ ಕೊಳ್ಳುವ ಹಾಗಿಲ್ಲ. 2025ರ ಆಗಸ್ಟಿನಲ್ಲಿ ಹೊಸ ಸೀಸನ್ನಿಗೆ ಟೀಮ್ ಕಟ್ಟಲು ಕೂತಾಗ, ಅಭ್ಯಾಸಬಲದಿಂದ ಕ್ಲಬ್ಬುಗಳ ಪಟ್ಟಿಯಲ್ಲಿ ಬೆರಳು ಕೆಳಗೆ ಹೋಯಿತು. ಲೀಡ್ಸ್ ಆದ ಮೇಲೆ ನೇರ ಲಿವರ್‌ಪೂಲ್.